ಗೋಡೆಗೇರಿದ ರತ್ನಗಂಬಳಿ

ಇಸ್ಲಾಮೀ ಜಗತ್ತಿನ ಕಲೆಯೆಂದರೆ ಹೂಬಳ್ಳಿ, ರೇಖೆ, ಅಕ್ಷರಗಳಷ್ಟೇ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಇರಾನಿನ ಹಳೆಯ ಚಿತ್ರ ರತ್ನಗಂಬಳಿಗಳು ಇದನ್ನು ಸುಳ್ಳಾಗಿಸುತ್ತವೆ. ಅಲ್ಲಿ ಅರಸರಿದ್ದಾರೆ, ಬೇಟೆಗಾರರಿದ್ದಾರೆ, ಲೈಲಾ-ಮಜ್ನೂನರೂ ಇದ್ದಾರೆ. ಆದರೆ ಚಿತ್ರ ಬಂದು ಕೂತಾಗ ರತ್ನಗಂಬಳಿ ಗೆದ್ದಿತೇ ಅಥವಾ ಸೋತಿತೇ?

ಇಟಲಿಯ ಮಿಲಾನ್ ನಗರದ ಪೋಲ್ಡಿ ಪೆಝೋಲಿ ಮ್ಯೂಸಿಯಮ್ಮಿನಲ್ಲಿ 16ನೇ ಶತಮಾನದ ಬೇಟೆಯ ರತ್ನಗಂಬಳಿಯೊಂದಿದೆ. ಗಿಯಾಸುದ್ದೀನ್ ಜಾಮಿ ಎಂಬ ಹೆಸರು ಅದರಲ್ಲೇ ನೇಯಲ್ಪಟ್ಟಿದೆ. ಅದರ ಕುದುರೆ ಸವಾರರು ಕನ್ನಡಿಯ ಬಿಂಬಗಳಂತೆ ಎದುರುಬದುರಾಗಿ ಹರಡಿಕೊಂಡಿದ್ದಾರೆ. ಅಲ್ಲಿ ಚಿತ್ರವು ವಿನ್ಯಾಸದ ಮಾತು ಕೇಳುತ್ತದೆ. ಸುತ್ತ ಕೂತವರಲ್ಲಿ ಯಾರಿಗೂ ಅದು ಬೆನ್ನು ತಿರುಗಿಸುವುದಿಲ್ಲ.

19ನೇ ಶತಮಾನದಲ್ಲಿ, ಕಾಜಾರ್ ಅರಸರ ಕಾಲಕ್ಕೆ, ಕಲ್ಲಚ್ಚಿನ ಪುಸ್ತಕಗಳೂ ಫೋಟೋಗಳೂ ಇರಾನಿಗೆ ಬಂದವು. ಪುರಾತನ ದೊರೆಗಳ ಚಿತ್ರಗಳಿದ್ದ ಜಲಾಲುದ್ದೀನ್ ಮಿರ್ಜಾರ 'ನಾಮೆ-ಯೆ ಖುಸ್ರವಾನ್' ಕೃತಿ ನೇಕಾರರಿಗೆ ಮಾದರಿಯಾಯಿತು. ಶಾಹನಾಮೆಯ ಹೂಶಂಗ್ ದೊರೆ ಸಿಂಹಾಸನ ಸಮೇತ ಮಗ್ಗವೇರಿದ. ಕೆರ್ಮಾನಿನ 'ಮಶಾಹೀರ್' ರತ್ನಗಂಬಳಿಗಳಲ್ಲಿ ನೆಪೋಲಿಯನ್ ಮೊದಲಾದ ಲೋಕಪ್ರಸಿದ್ಧರು ಹೆಸರು, ಸಂಖ್ಯೆಗಳೊಂದಿಗೆ ಸಾಲಾಗಿ ನಿಂತರು. ಇಂತಹ ರತ್ನಗಂಬಳಿಗೆ ಮೇಲು-ಕೆಳಗು ಇದೆ. ಅದರ ಮೇಲೆ ಕೂರಲು ಮನಸ್ಸಾಗದು, ಗೋಡೆಗೆ ತೂಗುಹಾಕಬೇಕು.

ಕುಶಲತೆಯ ಬಗ್ಗೆ ಎರಡು ಮಾತಿಲ್ಲ. ಚೌಕುಳಿ ಕಾಗದದ ಒಂದು ಮನೆಗೆ ಮಗ್ಗದಲ್ಲಿ ಒಂದು ಗಂಟು. ಬಾಗಿದ ಗೆರೆ ಎಂಬುದೇ ಅಲ್ಲಿಲ್ಲ, ಇರುವುದು ಸಣ್ಣ ಸಣ್ಣ ಮೆಟ್ಟಿಲುಗಳು. ಹೂವಿನಲ್ಲಿ ಗಂಟೊಂದು ತಪ್ಪಿದರೆ ಯಾರಿಗೂ ತಿಳಿಯದು. ಮುಖದಲ್ಲಿ ತಪ್ಪಿದರೆ ದೊರೆಯ ಕಣ್ಣೇ ಓರೆಯಾಗುತ್ತದೆ. ಆದರೂ ಕಲ್ಲಚ್ಚಿನ ಸ್ಪಷ್ಟ ಗೆರೆಯನ್ನು ಅನುಸರಿಸಿದ ಹೂಶಂಗ್ ರತ್ನಗಂಬಳಿಗಳೇ ನಮಗೆ ಹೆಚ್ಚು ಹಿಡಿಸುತ್ತವೆ. ಫೋಟೋದ ನೆರಳು-ಬೆಳಕನ್ನು ನಕಲು ಮಾಡಹೊರಟಲ್ಲಿ ಉಣ್ಣೆ ತನ್ನತನವನ್ನು ಕಳೆದುಕೊಂಡಿದೆ.

ಈ ಸೂಕ್ಷ್ಮ ಗಂಟುಗಳನ್ನು ಹಾಕಿದ ಬೆರಳುಗಳು ಯಾರವು? ಕೆರ್ಮಾನಿನ ಮಗ್ಗಗಳಲ್ಲಿ ಮಕ್ಕಳು ದುಡಿಯುತ್ತಿದ್ದರು. ಅವರ ದುಸ್ಥಿತಿಯ ಸುದ್ದಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯನ್ನು ತಲುಪಿದ ಮೇಲೆ, 1923ರಲ್ಲಿ, ಅಲ್ಲಿನ ರಾಜ್ಯಪಾಲರು ಆಜ್ಞೆ ಹೊರಡಿಸಬೇಕಾಯಿತು. ದಿನಕ್ಕೆ 8 ಗಂಟೆಯ ದುಡಿಮೆ, ಹುಡುಗರಿಗೆ ಕನಿಷ್ಠ 8 ವರ್ಷ, ಹುಡುಗಿಯರಿಗೆ 10 ವರ್ಷ. ನೆಲಮಾಳಿಗೆಯ ತೇವದ ಕೋಣೆಗಳಲ್ಲಿ ನೇಯಿಸಬಾರದು. ಸುಧಾರಣೆಯೇ ಹೀಗಿದ್ದರೆ ಅದಕ್ಕಿಂತ ಹಿಂದಿನ ಸ್ಥಿತಿ ಹೇಗಿದ್ದೀತು?

ಮಶಾಹೀರ್ ರತ್ನಗಂಬಳಿಯಲ್ಲಿ ನೆಪೋಲಿಯನ್‌ನ ಹೆಸರಿದೆ. ಕೆಲವು ಚಿತ್ರ ರತ್ನಗಂಬಳಿಗಳಲ್ಲಿ ಕಾರ್ಖಾನೆಯ ಯಜಮಾನನ ಹೆಸರೂ ಇದೆ. ಅವನ ಕಣ್ಣನ್ನು ಓರೆಯಾಗದಂತೆ ನೇಯ್ದ ಮಗುವಿನ ಹೆಸರಿಲ್ಲ. ಈ ಸೌಂದರ್ಯಕ್ಕೆ ತಲೆದೂಗುವಾಗ ನಾವು ಆ ಮಗುವನ್ನೂ ನೆನೆಯಬೇಕು.