ಬೆಳೆಯದ ಒಡಲಿಗೆ ಬೆಳೆದ ರೆಕ್ಕೆ

ಏರ್‌ಬಸ್ ಸಂಸ್ಥೆಯ ಎ380 ವಿಮಾನವನ್ನು ಕುರಿತು ಈಚೆಗೆ ಬರೆದವರಲ್ಲಿ ಹೆಚ್ಚಿನವರು, ಒಬ್ಬರ ಮಾತನ್ನು ಮತ್ತೊಬ್ಬರು ಎತ್ತಿಕೊಂಡು, ಒಂದೇ ತೀರ್ಪನ್ನು ನೀಡುತ್ತ ಬಂದಿದ್ದಾರೆ. ಪ್ರಯಾಣಿಕರು ಹಬ್ ಎನಿಸಿಕೊಂಡ ಮಹಾನಿಲ್ದಾಣಗಳಲ್ಲಿ ಇಳಿದು ಹತ್ತಿಯೇ ಸಾಗುವರೆಂದು ಏರ್‌ಬಸ್ ನಂಬಿತು, ಊರಿನಿಂದ ಊರಿಗೆ ನೇರವಾಗಿ ಹಾರಬಯಸುವರೆಂದು ಬೋಯಿಂಗ್ ನಂಬಿತು, ಕಾಲವು ಬೋಯಿಂಗಿನ ನಂಬಿಕೆಯನ್ನು ದಿಟಮಾಡಿತು ಎಂಬುದೇ ಆ ತೀರ್ಪು. ಇದು ಕೇಳುವುದಕ್ಕೆ ಅಚ್ಚುಕಟ್ಟಾಗಿರುವುದರಿಂದಲೇ ಇಷ್ಟು ದೂರ ಹಬ್ಬಿತೆಂದು ತೋರುತ್ತದೆ. ಆದರೆ ಎ380 ಸೋತದ್ದು ತನ್ನ ಭವಿಷ್ಯದೃಷ್ಟಿಯ ದೋಷದಿಂದಲ್ಲ, ತನ್ನ ರೆಕ್ಕೆಯ ದೋಷದಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

2005ರ ಏಪ್ರಿಲಿನ ಪ್ರಥಮ ಹಾರಾಟ, ಹ್ಯಾಂಬರ್ಗಿನಲ್ಲಿ ಸಿದ್ಧವಾದ ವಿದ್ಯುತ್ ತಂತಿಗಳು ಟುಲೂಸ್‌ನಲ್ಲಿ ಹೊಂದದೆ ಹೋದ ಪ್ರಸಂಗ, 2007ರ ಅಕ್ಟೋಬರಿನಲ್ಲಿ ಸಿಂಗಪುರದಿಂದ ಸಿಡ್ನಿಗೆ ನಡೆದ ಮೊದಲ ಯಾನ, 251 ವಿಮಾನಗಳ ತರುವಾಯ 2021ರ ಡಿಸೆಂಬರಿನಲ್ಲಿ ನಡೆದ ಕೊನೆಯ ಹಸ್ತಾಂತರ, ಇವು ಆಸಕ್ತರಿಗೆ ತಿಳಿದವೇ ಆದುದರಿಂದ ಅವುಗಳ ಕಥನಕ್ಕೆ ತೊಡಗುವುದಿಲ್ಲ.

ವೇಲ್ಸಿನ ಬ್ರಾಟನ್ ಎಂಬ ಊರಿನಲ್ಲಿ ಆ ರೆಕ್ಕೆ ಸಿದ್ಧವಾಗುತ್ತಿತ್ತು. ಅಲ್ಲಿಂದ ಅದನ್ನು ಚಪ್ಪಟೆ ದೋಣಿಯಲ್ಲಿ ಡೀ ನದಿಗುಂಟ ಮಾಸ್ಟಿನ್ ಬಂದರಿಗೆ ಸಾಗಿಸಿ, ಹಡಗಿಗೇರಿಸಿ ಫ್ರಾನ್ಸಿಗೆ ತಂದು, ಕೊನೆಗೆ ರಾತ್ರಿವೇಳೆ ಲೆವಿನ್ಯಾಕ್ ಎಂಬ ಹಳ್ಳಿಯ ಮನೆಗಳ ಕಿಟಕಿಗಳಿಗೆ ತಾಕುವಷ್ಟು ಸನಿಹದಲ್ಲಿ ಟುಲೂಸಿಗೆ ಒಯ್ಯುತ್ತಿದ್ದರು. ಎರಡೂ ರೆಕ್ಕೆಗಳು ಕೂಡಿ 845 ಚದರ ಮೀಟರ್ ವಿಸ್ತಾರ. ಬೋಯಿಂಗ್ 747-400ರ ರೆಕ್ಕೆಗಳಿಗಿಂತ ಒಂದೂವರೆ ಪಾಲಿಗೂ ಮಿಗಿಲು. ಇಷ್ಟು ದೊಡ್ಡದೇಕೆ? ಈಗ ನಾವು ಕಾಣುವ ಎ380-800 ಮಾದರಿಗಾಗಿ ಮಾತ್ರ ಅದನ್ನು ರೂಪಿಸಿರಲಿಲ್ಲ. ಇನ್ನೂ ನೀಳವಾದ ಎ380-900ನ್ನೂ, ಹೆಚ್ಚು ಭಾರದ ಸರಕುವಿಮಾನವನ್ನೂ ಹೊರಬಲ್ಲಂತೆ ಅದನ್ನು ಕಟ್ಟಿದ್ದರು. ಸರಕುವಿಮಾನವನ್ನು ಬಯಸಿದ್ದ ಫೆಡೆಕ್ಸ್, ಯುಪಿಎಸ್ ಸಂಸ್ಥೆಗಳು ತಂತಿಗಳ ತೊಡಕಿನಿಂದಾದ ವಿಳಂಬಕ್ಕೆ ಬೇಸತ್ತು ಹಿಂದೆಗೆದವು; ನೀಳವಾದ ಮಾದರಿ ಹುಟ್ಟಲೇ ಇಲ್ಲ. ಬೆಳೆಯುವ ಹುಡುಗನಿಗೆಂದು ಸಡಿಲವಾಗಿ ಹೊಲಿಸಿದ ಅಂಗಿಯನ್ನು ಬೆಳೆಯದ ಮೈ ಜೀವಮಾನವೆಲ್ಲ ತೊಟ್ಟಂತಾಯಿತು.

ದೋಷ ಇಷ್ಟಕ್ಕೇ ಮುಗಿಯಲಿಲ್ಲ. ವಿಮಾನನಿಲ್ದಾಣಗಳು ಒಪ್ಪುವ ಗರಿಷ್ಠ ಅಗಲ 80 ಮೀಟರ್ ಆದುದರಿಂದ, ತುದಿಯಿಂದ ತುದಿಗೆ 79.75 ಮೀಟರಿಗೆ ನಿಂತ ರೆಕ್ಕೆಗೆ ಬೇಕಾದ ವಿಸ್ತಾರವನ್ನು ನೀಳದಲ್ಲಿ ಕೊಡಲಾಗದೆ ಅಡ್ಡಗಲದಲ್ಲಿ ಕೊಡಬೇಕಾಯಿತು. ರೆಕ್ಕೆಯ ಕೆಳಗಿನ ಒತ್ತಡದ ಗಾಳಿ ತುದಿಯನ್ನು ಸುತ್ತಿ ಮೇಲಕ್ಕೆ ಹೊರಳುವಾಗ ಏಳುವ ಸುಳಿಯು ವಿಮಾನವನ್ನು ಹಿಂದಕ್ಕೆ ಜಗ್ಗುವುದೆಂಬುದೂ, ರೆಕ್ಕೆ ಕಿರಿದಾಗಿ ನೀಳವಾದಷ್ಟೂ ಈ ಜಗ್ಗು ಕಡಮೆಯಾಗುವುದೆಂಬುದೂ ವಾಯುಯಾನಶಾಸ್ತ್ರದ ಪ್ರಾಥಮಿಕ ಪಾಠ. ನೀಳಕ್ಕೂ ಅಡ್ಡಗಲಕ್ಕೂ ಇರುವ ಈ ಪ್ರಮಾಣ ಬೋಯಿಂಗ್ 777-300ಇಆರ್‌ನಲ್ಲಿ ಒಂಬತ್ತನ್ನು ಮೀರಿದರೆ ಎ380ರಲ್ಲಿ ಏಳೂವರೆಗೆ ನಿಲ್ಲುತ್ತದೆ. ತೂಕದ ಲೆಕ್ಕವೂ ಇದನ್ನೇ ಹೇಳುತ್ತದೆ. ಬರಿದಾದ ಎ380 ಸುಮಾರು 277 ಟನ್, 777-300ಇಆರ್ ಸುಮಾರು 168 ಟನ್. ಮೂರು ದರ್ಜೆಗಳಲ್ಲಿ ಕ್ರಮವಾಗಿ 500 ಮತ್ತು 355 ಆಸನಗಳನ್ನು ಹಾಕಿದರೆ, ಒಂದೊಂದು ಆಸನದ ಪಾಲಿಗೆ ಮೊದಲನೆಯದರಲ್ಲಿ ಹೆಚ್ಚುಕಡಮೆ 550 ಕಿಲೋ, ಎರಡನೆಯದರಲ್ಲಿ 470 ಕಿಲೋ ಬೀಳುತ್ತದೆ. ಈ ಹೆಚ್ಚಿನ ಭಾರವನ್ನು ದುಬೈಯಿಂದ ಲಾಸ್ ಏಂಜಲಿಸ್‌ವರೆಗೆ ಹೊತ್ತು ಹಾರುವ ಸಂಸ್ಥೆ ಪ್ರತಿ ಗಂಟೆಯೂ ಇಂಧನದ ರೂಪದಲ್ಲಿ ದಂಡ ತೆರುತ್ತದೆ.

ಇನ್ನು ಮಹಾನಿಲ್ದಾಣಗಳ ಯುಗ ಮುಗಿಯಿತೆನ್ನುವ ವಿಶ್ಲೇಷಕರಿಗೆ ನನ್ನದೊಂದು ಪ್ರಶ್ನೆಯುಂಟು. ಹಾಗಾಗಿದ್ದರೆ, ಎಂಟುನೂರಕ್ಕೂ ಮಿಕ್ಕಿ ಮಾರಾಟವಾದ 777-300ಇಆರ್‌ಗಳನ್ನು ಎಮಿರೇಟ್ಸ್, ಕತಾರ್, ಕ್ಯಾಥೆ ಪೆಸಿಫಿಕ್, ಸಿಂಗಪುರ ಏರ್‌ಲೈನ್ಸ್‌ಗಳಂಥ ಸಂಸ್ಥೆಗಳು ರಾಶಿರಾಶಿಯಾಗಿ ಕೊಂಡದ್ದೇಕೆ? ಅವೆಲ್ಲ ಒಂದೊಂದು ಮಹಾನಿಲ್ದಾಣವನ್ನೇ ಉಸಿರಾಗಿಸಿಕೊಂಡವು. ಲಂಡನ್ನಿನ ಹೀಥ್ರೂ ಇಂದಿಗೂ ಎರಡೇ ಓಡುದಾರಿಗಳಲ್ಲಿ ಉಸಿರುಗಟ್ಟಿ ನಿಂತಿದೆ. ಏರ್‌ಬಸ್ ನುಡಿದ ಭವಿಷ್ಯ ಬಹುಪಾಲು ನಿಜವಾಯಿತು. ಫಲವನ್ನು ಉಂಡದ್ದು ಮಾತ್ರ ಹಗುರಾದ, ಎರಡೇ ಎಂಜಿನ್ನುಗಳ ಮತ್ತೊಂದು ವಿಮಾನ. ನಾಲ್ಕು ಎಂಜಿನ್ನುಗಳೇ ಎ380ನ್ನು ಕೊಂದವೆನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ನಾಲ್ಕು ಬೇಕಾದದ್ದು ಆ ಭಾರದ ಕಾರಣದಿಂದಲ್ಲವೆ?

2020ರಲ್ಲಿ ಕೆಲವು ಸಂಸ್ಥೆಗಳು ಎ380ನ್ನು ಸೇವೆಯಿಂದ ಹಿಂದೆಗೆದದ್ದನ್ನು ವಿವೇಕದ ಅಂತಿಮ ತೀರ್ಪೆಂದು ಸಾರಿದವರನ್ನು ಕಾಲವೇ ತಿದ್ದಿದೆ. ಹತ್ತನ್ನೇ ಹೊಂದಿದ್ದ ಏರ್ ಫ್ರಾನ್ಸ್ ಕೈಬಿಟ್ಟದ್ದು ಸರಿಯೇ. ಹತ್ತು ವಿಮಾನಗಳಿಗಾಗಿ ಬೇರೆಯೇ ಬಿಡಿಭಾಗಗಳನ್ನೂ ಚಾಲಕರನ್ನೂ ಸಾಕುವುದು ವ್ಯರ್ಥ. ಆದರೆ ಸ್ಪೇನಿನ ತೆರುವೆಲ್‌ನಲ್ಲಿ ನಿಲ್ಲಿಸಿದ್ದ ತನ್ನ ವಿಮಾನಗಳನ್ನು ಲುಫ್ತಾನ್ಸಾ 2023ರಲ್ಲಿ ಮರಳಿ ಹಾರಿಸಿತು. ಅದು ಕಾಯುತ್ತಿದ್ದ ಬೋಯಿಂಗಿನ 777-9 ಹೇಳಿದ ಕಾಲಕ್ಕೆ ಬಾರದಿದ್ದುದೂ ಇದಕ್ಕೆ ಒಂದು ಕಾರಣ. ಎಮಿರೇಟ್ಸ್ 2022ರ ಅಕ್ಟೋಬರಿನಲ್ಲಿ ಬೆಂಗಳೂರಿಗೂ ಎ380ನ್ನು ತಂದಿತು; ಅದೇ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನಸಂಸ್ಥೆ 2005ರಲ್ಲಿ ಐದನ್ನು ಬಯಸಿ ಒಂದನ್ನೂ ಪಡೆಯದೆ ಮುಚ್ಚಿಹೋಗಿತ್ತು. ಪ್ರಯಾಣಿಕನ ಪಾಲಿಗೆ ಎ380 ನಿಶ್ಶಬ್ದವಾದ, ವಿಶಾಲವಾದ, ಅಪೂರ್ವ ಸುಖದ ವಿಮಾನವೆಂಬುದನ್ನು ನಾನೂ ಒಪ್ಪುತ್ತೇನೆ.

ರೆಕ್ಕೆಯ ದೋಷವನ್ನು ಏರ್‌ಬಸ್ ತಾನೇ ಕಾಣದಿರಲಿಲ್ಲ. 2017ರ ಪ್ಯಾರಿಸ್ ಪ್ರದರ್ಶನದಲ್ಲಿ ಎ380ಪ್ಲಸ್ ಎಂಬ ಹೆಸರಿನಿಂದ, ತುದಿಗಳಿಗೆ 4.7 ಮೀಟರ್ ಎತ್ತರದ ಕಿರುರೆಕ್ಕೆಗಳನ್ನು ಜೋಡಿಸಿ, ಇಂಧನದಲ್ಲಿ ನೂರಕ್ಕೆ ನಾಲ್ಕರಷ್ಟು ಉಳಿಸಬಹುದೆಂದು ಮುಂದಿಟ್ಟಿತು, ಕೊಳ್ಳುವವರಿರಲಿಲ್ಲ. ಹೊಸ ಎಂಜಿನ್ನಿಗಾಗಿ ಎಮಿರೇಟ್ಸ್ ವರ್ಷಗಟ್ಟಲೆ ಒತ್ತಾಯಿಸಿದ್ದನ್ನು ದೊಡ್ಡ ದೂರದೃಷ್ಟಿಯೆಂದು ಹೊಗಳುವವರುಂಟು. ಅದೇ ರೆಕ್ಕೆಗೆ, ಅದೇ ಗಿಡ್ಡ ಒಡಲಿಗೆ ಹೊಸ ಎಂಜಿನ್ ತೊಡಿಸಿದ್ದರೆ ಸಾವು ಕೆಲವು ವರ್ಷ ಮುಂದಕ್ಕೆ ಹೋಗುತ್ತಿತ್ತಷ್ಟೆ. ಆಗಬೇಕಾಗಿದ್ದದ್ದು ಎ380-900ರ ನಿರ್ಮಾಣ. ಆ ರೆಕ್ಕೆ ಹೊರಲೆಂದು ಹುಟ್ಟಿದ ಒಡಲು ಅದೊಂದೇ. ಹೆಚ್ಚಿದ ಆಸನಗಳಲ್ಲಿ ಅದರ ಭಾರ ಹಂಚಿಹೋಗುತ್ತಿತ್ತು. ಎಮಿರೇಟ್ಸ್, ಏರ್ ಫ್ರಾನ್ಸ್, ಲುಫ್ತಾನ್ಸಾಗಳು ಅದರಲ್ಲಿ ಆಸಕ್ತಿ ತೋರಿದ್ದವು. ಏರ್‌ಬಸ್ ಅದನ್ನು ಮುಂದೂಡಿ, ಚಿಕ್ಕ ಮಾದರಿಯನ್ನೇ ಕೊನೆಯವರೆಗೂ ಮಾರಿತು.