ಎಡಗೈ ಹೊರಬಾರದ ಭಾರ

ಕಸ್ಟಮ್ ಬೇಸ್ ಗಿಟಾರ್ ಮಾಡಿಸಿಕೊಂಡವರು ಅದನ್ನು ಪೆಟ್ಟಿಗೆಯಿಂದ ಹೊರತೆಗೆಯುತ್ತಲೇ ಮರದ ಮಾತು ಶುರು ಮಾಡುತ್ತಾರೆ. ಮೇಲ್ಪದರಕ್ಕೆ ಯಾವ ಮರ, ಹಿಂಬದಿಗೆ ಯಾವುದು, ಫ್ರೆಟ್‌ಗಳ ನಡುವೆ ಕೂರಿಸಿದ ಚಿಪ್ಪು ಎಲ್ಲಿಯದು ಎಂದೆಲ್ಲ ವಿವರಿಸುತ್ತಾರೆ. ಮುಗಿಯುವ ತನಕ ಕೇಳಿಸಿಕೊಂಡು, ನಾನು ಒಂದು ಕೆಲಸ ಹೇಳುತ್ತೇನೆ: ಸ್ಟ್ರಾಪ್ ಹಾಕಿಕೊಂಡು ಎದ್ದು ನಿಂತು ಎರಡೂ ಕೈ ಬಿಡಿ. ಒಳ್ಳೆಯ ವಾದ್ಯ ಇದ್ದಲ್ಲೇ ಇರುತ್ತದೆ. ಬಹಳಷ್ಟು ದುಬಾರಿ ವಾದ್ಯಗಳು ಮೆಲ್ಲಗೆ ತಲೆ ತಗ್ಗಿಸಿ ನೆಲ ನೋಡತೊಡಗುತ್ತವೆ. ಬೇಸ್ ನುಡಿಸುವವರು ಇದನ್ನು ನೆಕ್ ಡೈವ್ ಅನ್ನುತ್ತಾರೆ. ಅನ್ನುತ್ತಾರೆ, ಆಮೇಲೆ ಅದಕ್ಕೆ ಒಗ್ಗಿಕೊಂಡೂ ಬಿಡುತ್ತಾರೆ. ನನ್ನ ತಕರಾರು ಈ ಒಗ್ಗಿಕೊಳ್ಳುವಿಕೆಯ ಬಗ್ಗೆಯೇ.

1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ನೋಡಿ. ತಳದಲ್ಲಿ ಬೇಸ್ ತನ್ನದೇ ದಾರಿ ಹಿಡಿದು ಓಡಾಡುತ್ತಿರುತ್ತದೆ. ಅಂಥ ಓಡಾಟ ನುಡಿಸುವ ಎಡಗೈ ಸ್ವರ ಹುಡುಕಬೇಕು, ತಂತಿ ಒತ್ತಬೇಕು, ಬೇಡದ ತಂತಿಗಳ ಬಾಯಿ ಮುಚ್ಚಿಸಬೇಕು. ಇದರ ಜೊತೆಗೆ ಕುತ್ತಿಗೆಯನ್ನು ಎತ್ತಿ ಹಿಡಿಯುವ ಚಾಕರಿಯೂ ಅದರ ಪಾಲಿಗೆ ಬಂದರೆ ಹೆಬ್ಬೆರಳು ಕುತ್ತಿಗೆಯ ಹಿಂದೆ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ, ಮಣಿಕಟ್ಟು ಬಿಗಿಯುತ್ತದೆ, ಗಂಟೆಯೊಳಗೆ ಭುಜ ನೋಯುತ್ತದೆ. ಕೆಟ್ಟ ಪಿಕಪ್ಪನ್ನು ಬದಲಾಯಿಸಬಹುದು. ಕೆಟ್ಟ ಸಮತೋಲ ಮಾತ್ರ ವಾದ್ಯದ ಆಕಾರದಲ್ಲೇ ಕೂತಿರುತ್ತದೆ.

ತೊಂದರೆಯ ಮೂಲ ಸರಳ. ಸಾಮಾನ್ಯ ಬೇಸಿನಲ್ಲಿ ತಂತಿಯ ನುಡಿಯುವ ಉದ್ದ 34 ಇಂಚು, ಅಂದರೆ 86 ಸೆಂಟಿಮೀಟರಿಗೂ ಹೆಚ್ಚು. ದಪ್ಪ ತಂತಿಗಳ ಎಳೆತ ತಡೆಯಲು ಕುತ್ತಿಗೆಯೊಳಗೆ ಉಕ್ಕಿನ ಸರಳು, ಅದರ ಕೊಟ್ಟಕೊನೆಗೆ ದೊಡ್ಡ ದೊಡ್ಡ ಟ್ಯೂನರ್‌ಗಳು. ಇಷ್ಟೆಲ್ಲ ಭಾರ ಏತದ ತುದಿಯಲ್ಲಿ ಕೂತಂತೆ ಕೂತಿರುತ್ತದೆ. ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೂ 1951ರ ಪ್ರಿಸಿಷನ್ ಬೇಸಿನಲ್ಲಿ ಅವರು ಬಾಡಿಯ ಮೇಲಿನ ಕೊಂಬನ್ನು ಉದ್ದಕ್ಕೆ ಎಳೆದು, ಸ್ಟ್ರಾಪಿನ ಗುಂಡಿಯನ್ನು ಹನ್ನೆರಡನೇ ಫ್ರೆಟ್ಟಿನ ಕಡೆಗೆ ಒಯ್ದರು. ನೋಡುವವರಿಗೆ ಅಲಂಕಾರದಂತೆ ಕಾಣುವ ಆ ಕೊಂಬು ವಾಸ್ತವದಲ್ಲಿ ತೂಗುವ ಕೊಕ್ಕೆ. ಮೂರು ವರ್ಷದ ನಂತರ ಬಂದ ಸ್ಟ್ರಾಟೋಕಾಸ್ಟರ್ ಗಿಟಾರಿನ ಎರಡು ಕೊಂಬುಗಳು ಲೋಕಪ್ರಸಿದ್ಧವಾದವು. ಅವುಗಳ ಪೂರ್ವಜ ಬೇಸ್ ಅನ್ನುವುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಗಿಬ್ಸನ್ ಕಂಪನಿ 1963ರಲ್ಲಿ ಹೊರತಂದ ಥಂಡರ್‌ಬರ್ಡ್ ಇದಕ್ಕೆ ತದ್ವಿರುದ್ಧ. ಅದನ್ನು ರೂಪಿಸಿದ ರೇ ಡೀಟ್ರಿಕ್ ಕಾರುಗಳ ವಿನ್ಯಾಸದಲ್ಲಿ ಹೆಸರು ಮಾಡಿದವರು. ಗೆರೆಗಳಲ್ಲಿ ವೇಗವಿದೆ, ನಿಂತಲ್ಲೇ ಹಾರುವಂತೆ ಕಾಣುತ್ತದೆ. ಆದರೆ ಉದ್ದ ಇರಬೇಕಾದ ಮೇಲಿನ ಕೊಂಬು ಗಿಡ್ಡ, ಕೆಳಗಿನದು ಉದ್ದ, ಹೆಡ್‌ಸ್ಟಾಕ್ ಭಾರೀ. ಕೈ ಬಿಟ್ಟರೆ ತಲೆ ಕೆಳಗೆ. ಸ್ಟ್ರಾಪ್ ಗುಂಡಿ ಬಲಕ್ಕೆ ಸರಿದಷ್ಟೂ ಇಡೀ ವಾದ್ಯ ನುಡಿಸುವವರ ಎಡಕ್ಕೆ ಜಾರುತ್ತದಾದ್ದರಿಂದ ಮೊದಲ ಫ್ರೆಟ್ ಕೈಗೆಟುಕದಷ್ಟು ದೂರ ಹೋಗುತ್ತದೆ. ಥಂಡರ್‌ಬರ್ಡಿನ ಗುಡುಗುವ ದನಿ ನನಗೂ ಇಷ್ಟ. ಆದರೆ ಅದು ಗೋಡೆಗೆ ನೇತುಹಾಕಿದಾಗಲೇ ಹೆಚ್ಚು ಚೆನ್ನ.

ಇಷ್ಟು ಹಳೆಯ ಪಾಠವನ್ನು ಇವತ್ತಿನ ಕಸ್ಟಮ್ ತಯಾರಕರು ಎಷ್ಟು ಕಲಿತಿದ್ದಾರೆ? ಹಲವರ ಆರ್ಡರ್ ಫಾರ್ಮುಗಳು ಮರ, ಬಣ್ಣ, ಪಿಕಪ್, ಪ್ರಿಆಂಪ್, ಚಿನ್ನದ ಲೇಪ ಎಲ್ಲವನ್ನೂ ವಿಚಾರಿಸುತ್ತವೆ. ವಾದ್ಯ ಎಲ್ಲಿಂದ, ಹೇಗೆ ತೂಗಬೇಕು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಗಿರಾಕಿ ಕೇಳುವುದು ‘ಹಗುರವಾಗಿರಲಿ’ ಎಂದಷ್ಟೇ. ತಯಾರಕ ಬಾಡಿಯನ್ನು ಒಳಗಿನಿಂದ ಕೊರೆದು ಟೊಳ್ಳು ಮಾಡುತ್ತಾನೆ. ತಕ್ಕಡಿಯಲ್ಲಿ ಅರ್ಧ ಕಿಲೋ ಇಳಿಯುತ್ತದೆ, ಇಬ್ಬರಿಗೂ ಸಂತೋಷ. ಆದರೆ ಕಡಿಮೆಯಾದದ್ದು ಬಾಡಿಯ ತೂಕ, ಕುತ್ತಿಗೆಯದಲ್ಲ. ಆ ಅರ್ಧ ಕಿಲೋ ತಲೆಗೆ ಎದುರು ಭಾರವಾಗಿ ಕೂತಿತ್ತು. ಅದೀಗ ಹೋಯಿತು. ಹಗುರವಾದ ಬೇಸ್ ಮೊದಲಿಗಿಂತ ಜೋರಾಗಿ ತಲೆ ಬಾಗಿಸುತ್ತದೆ. ಆಮೇಲೆ ಅಗಲವಾದ ಒರಟು ಚರ್ಮದ ಸ್ಟ್ರಾಪ್ ಬರುತ್ತದೆ. ಅಂಗಿಗೆ ಕಚ್ಚಿಕೊಂಡು ಅದು ದೋಷವನ್ನು ಮುಚ್ಚುತ್ತದೆ, ಭುಜವನ್ನು ಎಳೆಯುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ನಾಲ್ಕು ಕಿಲೋ ತೂಗುವ ಬೇಸಿನ ಗುರುತ್ವ ಕೇಂದ್ರ ಕುತ್ತಿಗೆ ಬಾಡಿಗೆ ಸೇರುವ ಆಸುಪಾಸಿನಲ್ಲಿದೆ ಅಂತಿಟ್ಟುಕೊಳ್ಳಿ. ಅಲ್ಲಿಂದ ಟ್ಯೂನರ್‌ಗಳಿಗೆ ಸುಮಾರು 70 ಸೆಂಟಿಮೀಟರ್, ಬಾಡಿಯ ಹಿಂತುದಿಗೆ ಅದರ ಅರ್ಧ. ಹಳೆಯ ಮಾದರಿಯ ನಾಲ್ಕು ಟ್ಯೂನರ್ ತೆಗೆದು ಹಗುರವಾದವನ್ನು ಹಾಕಿ 200 ಗ್ರಾಮ್ ಉಳಿಸಿದರೆ ಎಷ್ಟು ಲಾಭವೋ, ಅಷ್ಟೇ ಲಾಭಕ್ಕೆ ಹಿಂತುದಿಯಲ್ಲಿ 400 ಗ್ರಾಮಿಗೂ ಹೆಚ್ಚು ಸೇರಿಸಬೇಕು. ಒಂದು ವಾದ್ಯ 3.8 ಕಿಲೋಗೆ ಇಳಿಯುತ್ತದೆ, ಇನ್ನೊಂದು 4.4 ದಾಟುತ್ತದೆ. ಭಾರದ ಬ್ರಿಡ್ಜ್ ಹಾಕಿ ಸಮತೋಲ ಸಾಧಿಸಿದೆ ಎನ್ನುವವರಿಗೆ ನಾನು ಅಂಕ ಕೊಡದಿರಲು ಇದೇ ಕಾರಣ.

ಮರದ ಆಯ್ಕೆಯೂ ಇಲ್ಲಿ ಸೇರುತ್ತದೆ. ಫಿಂಗರ್‌ಬೋರ್ಡಿಗೆ ಲೋಕದೆಲ್ಲೆಡೆ ಬಳಸುವ ಇಂಡಿಯನ್ ರೋಸ್‌ವುಡ್ ನಮ್ಮ ಪಶ್ಚಿಮ ಘಟ್ಟದ ಬೀಟೆ. ಮಲೆನಾಡಿನ ಹಳೆಯ ಮನೆಗಳ ಮಂಚ, ಪೆಟ್ಟಿಗೆಗಳಿಗೆ ಕೈ ಹಾಕಿ ಎತ್ತಿದವರಿಗೆ ಅದರ ತೂಕ ಗೊತ್ತು. 2017ರಲ್ಲಿ ಅದರ ಇಡೀ ಕುಲವೇ ಅಪಾಯದಲ್ಲಿರುವ ಜೀವಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಬೆರಳಿಗೆ ಬೀಟೆಯಷ್ಟು ಹಿತವಾದ ಮರ ಕಡಿಮೆ. ಆದರೆ ಆರು ತಂತಿಯ ಬೇಸಿಗೆ ಅಂಗೈ ಅಗಲದ ದಪ್ಪ ಹಲಗೆಯಾಗಿ ಅದನ್ನು ಅಂಟಿಸುವಾಗ ತಯಾರಕ ತಕ್ಕಡಿ ನೋಡಲೇಬೇಕು.

ಈ ಸಮಸ್ಯೆಯನ್ನು ಬೇರಿಗೇ ಕೈಹಾಕಿ ಬಿಡಿಸಿದವರು ನೆಡ್ ಸ್ಟೈನ್‌ಬರ್ಗರ್. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಜ್ಯಾಕ್ ಸ್ಟೈನ್‌ಬರ್ಗರ್ ಅವರ ಮಗ. ಕಸುಬಿನಿಂದ ಪೀಠೋಪಕರಣ ವಿನ್ಯಾಸಕ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಡಗಿಗಳು ಹಂಚಿಕೊಂಡ ಕಾರ್ಯಾಗಾರವೊಂದರಲ್ಲಿ ಸ್ಟೂವರ್ಟ್ ಸ್ಪೆಕ್ಟರ್ ಬೇಸ್ ಮಾಡುತ್ತಿದ್ದರು. ಅವರಿಗೆ ನೆಡ್ ರೂಪಿಸಿಕೊಟ್ಟ ಬಾಡಿ ಹೊಟ್ಟೆಗೆ ಒತ್ತದಂತೆ ಹಿಂದೆ ಒಳಬಾಗಿದೆ. ಚೆಲುವಾದ ಕೆಲಸ, ಇಂದಿಗೂ ನಕಲಾಗುತ್ತಿದೆ. ಆದರೆ ತಲೆಭಾರ ಉಳಿಯಿತು. ನೆಡ್ ಆಗ ತಲೆಯನ್ನೇ ತೆಗೆದರು. ಟ್ಯೂನರ್‌ಗಳನ್ನು ಬ್ರಿಡ್ಜಿನ ಬದಿಗೆ ತಂದು, ಮರ ಬಿಟ್ಟು ಕಾರ್ಬನ್ ಎಳೆ ಮತ್ತು ಎಪಾಕ್ಸಿಯಲ್ಲಿ ಇಡೀ ವಾದ್ಯವನ್ನು ಎರಕ ಹೊಯ್ದರು. ಅದೇ ಎಲ್-2. ಹೆಡ್‌ಸ್ಟಾಕ್ ಇಲ್ಲ, ಕೊಂಬಿಲ್ಲ, ಬಾಡಿ ಸಣ್ಣದೊಂದು ಆಯತ. ಟೋನಿ ಲೆವಿನ್ ನುಡಿಸಿದರು, 1984ರ ಹೊತ್ತಿಗೆ ರಷ್ ತಂಡದ ಗೆಡ್ಡಿ ಲೀ ಕೈಗೂ ಬಂತು.

ಎಲ್-2ರಲ್ಲಿ ನಾನು ಮತ್ತೆ ಮತ್ತೆ ನೋಡುವುದು ಅದರ ಬೆನ್ನನ್ನು. ಸ್ಟ್ರಾಪ್ ನೇರವಾಗಿ ಬಾಡಿಗೆ ಸಿಕ್ಕಿಸಿಲ್ಲ. ಹಿಂದೆ ತಿರುಗುವ ಒಂದು ತುಂಡು ಇದೆ, ಸ್ಟ್ರಾಪ್ ಅದಕ್ಕೆ. ಕುತ್ತಿಗೆಯನ್ನು ಯಾವ ಓರೆಯಲ್ಲಿ ಇಟ್ಟರೆ ಆ ಓರೆಯಲ್ಲೇ ವಾದ್ಯ ನಿಲ್ಲುತ್ತದೆ. ಉಳಿದ ತಯಾರಕರು ನಮಗೊಂದು ಭಂಗಿ ಗೊತ್ತುಮಾಡಿ ಕೊಡುತ್ತಾರೆ. ಇಲ್ಲಿ ಭಂಗಿಯ ಆಯ್ಕೆ ನುಡಿಸುವವರದು.

ಧ್ವನಿಯಲ್ಲೂ ಲಾಭವಿತ್ತು. ಮರದ ಕುತ್ತಿಗೆ ತಾನೂ ಕಂಪಿಸುತ್ತದೆ, ತನ್ನ ಕಂಪನಕ್ಕೆ ಹೊಂದುವ ಸ್ವರ ಬಂದಾಗ ಅದರ ಶಕ್ತಿಯನ್ನು ನುಂಗಿಬಿಡುತ್ತದೆ. ಫೆಂಡರ್ ಬೇಸುಗಳಲ್ಲಿ ಅತಿ ತೆಳು ತಂತಿಯ ಐದರಿಂದ ಏಳನೇ ಫ್ರೆಟ್ಟಿನ ನಡುವೆ ಸ್ವರ ಬೇಗ ಸಾಯುವುದು ಇದರಿಂದಲೇ. ಹೆಡ್‌ಸ್ಟಾಕಿನ ತೂಕ ಇಳಿಸಿದರೆ ಸತ್ತ ಜಾಗ ಮೇಲಿನ ಫ್ರೆಟ್ಟಿಗೆ ಸರಿಯುತ್ತದೆ, ಮಾಯವಾಗುವುದಿಲ್ಲ. ಹಗುರ ಟ್ಯೂನರ್ ಹಾಕಿ ಬೆನ್ನು ತಟ್ಟಿಕೊಳ್ಳುವ ತಯಾರಕರು ಇದನ್ನು ಗಿರಾಕಿಗೆ ಹೇಳುವುದು ಅಪರೂಪ. ಎಲ್-2ರ ಬಿಗಿಯಾದ ಕುತ್ತಿಗೆಯಲ್ಲಿ ಈ ಕಾಟ ಬಹುಮಟ್ಟಿಗೆ ತಪ್ಪಿತು. ಎಲ್ಲ ಸ್ವರಗಳೂ ಒಂದೇ ಸಮ. ನನ್ನ ಕಿವಿಗೆ ಸ್ವಲ್ಪ ಅತಿಯಾಗಿಯೇ ಸಮ. ಶಾಲೆಯ ಸಮವಸ್ತ್ರದ ಸಾಲಿನ ಹಾಗೆ.

ಎಲ್-2ರ ನಿಜವಾದ ಕೊರತೆ ಕುಳಿತಾಗ ತಿಳಿಯುತ್ತದೆ. ತೊಡೆಯ ಮೇಲೆ ನಿಲ್ಲಲು ಬಾಡಿಗೆ ಸೊಂಟವೇ ಇಲ್ಲ. ಹಾಗಾಗಿ ಮಡಚಿ ಬಿಡಿಸುವ ಒಂದು ಕಾಲಾಸರೆ ಕೊಡಬೇಕಾಯಿತು. ಬಲ ಮುಂಗೈ ಊರಲು ಜಾಗ ಕಡಿಮೆ, ಅಂಚು ಚುಚ್ಚುತ್ತದೆ. ತಂತಿಯೂ ಎರಡು ತುದಿಗೆ ಗುಂಡಿರುವ ವಿಶೇಷ ಬಗೆಯದೇ ಆಗಬೇಕು. ಕುರ್ಚಿ ರೂಪಿಸುತ್ತಿದ್ದವರ ಕೈಯಲ್ಲಿ ಬಂದದ್ದು ಕೂರಲು ಒಪ್ಪದ ವಾದ್ಯ!

ಹಾಗಾಗಿ ಇವತ್ತು ಹೆಡ್‌ಲೆಸ್ ಬ್ರಿಡ್ಜ್ ಕೊಂಡು, ಸಣ್ಣ ಬಾಡಿಗೆ ತಿರುಗಿಸಿ ಹಾಕಿ, ಸಮತೋಲ ಬಂತು ಎನ್ನುವವರ ಕೆಲಸ ನನಗೆ ಅರ್ಧ ಎನಿಸುತ್ತದೆ. ಒಳ್ಳೆಯ ತಯಾರಕ ಮರ ಕೊಯ್ಯುವ ಮೊದಲು ಅಗ್ಗದ ಪ್ಲೈವುಡ್‌ನಲ್ಲಿ ಪೂರ್ಣ ಅಳತೆಯ ಆಕೃತಿ ಕೊಯ್ದು, ನಿಜವಾದ ಕುತ್ತಿಗೆಯನ್ನೇ ಅದಕ್ಕೆ ಬಿಗಿದು, ಬ್ರಿಡ್ಜ್ ಮತ್ತು ಟ್ಯೂನರ್‌ಗಳಷ್ಟು ತೂಕವನ್ನು ಆಯಾ ಜಾಗಕ್ಕೆ ಟೇಪಿನಲ್ಲಿ ಸುತ್ತಿ, ಗಿರಾಕಿಯ ಹೆಗಲಿಗೇ ಹಾಕಿಸುತ್ತಾನೆ. ನಿಲ್ಲಿಸಿ ನೋಡುತ್ತಾನೆ, ಸ್ಟೂಲಿನ ಮೇಲೆ ಕೂರಿಸಿ ನೋಡುತ್ತಾನೆ, ಕೊಂಬನ್ನು ಎರಡು ಸೆಂಟಿಮೀಟರ್ ಉದ್ದ ಮಾಡಿ ಇನ್ನೊಮ್ಮೆ ತೂಗಿಸುತ್ತಾನೆ. ಇದಕ್ಕೆ ಹಿಡಿಯುವುದು ಒಂದು ಮಧ್ಯಾಹ್ನ. ಆ ಮಧ್ಯಾಹ್ನಕ್ಕೆ ಬೆಲೆಪಟ್ಟಿಯಲ್ಲಿ ಪ್ರತ್ಯೇಕ ದರ ಹಾಕಿದರೂ ಕೊಡಬಹುದು, ಚಿಪ್ಪಿನ ಕೆತ್ತನೆ ಬಿಟ್ಟುಬಿಟ್ಟರೆ ಆ ಹಣ ಹೊಂದುತ್ತದೆ.