ಶೇಕಡ 80ರ ಛೇದ ಯಾವುದು? ಕನ್ನಡ ವಾಕ್‌ಚಿಕಿತ್ಸೆಯ ಪ್ರಗತಿ ಟಿಪ್ಪಣಿಯಲ್ಲಿ ಗುರಿವಾಕ್ಯ

‘ಮಗುವು ದ್ವಿತೀಯಾ ವಿಭಕ್ತಿಯನ್ನು ಶೇಕಡ 80ರಷ್ಟು ನಿಖರತೆಯಿಂದ ಬಳಸುವುದು.’ ವಾಕ್‌ಚಿಕಿತ್ಸೆಯ ಪ್ರಗತಿ ಟಿಪ್ಪಣಿಗಳಲ್ಲಿ ಗುರಿಗಳು ಇಂತಹ ಅಚ್ಚಿನಲ್ಲಿ ಮೂಡುವುದುಂಟು. ಗುರಿಯು ಅಳತೆಗೆ ಸಿಗುವಂತಿರಬೇಕೆಂಬುದನ್ನು ನಾವು ಒಪ್ಪುತ್ತೇವೆ; ಚಿಕಿತ್ಸೆಯನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬ ತೀರ್ಮಾನಕ್ಕೆ ಆ ಅಂಕಿಯೇ ಆಧಾರವಾಗಬಹುದು. ನಮ್ಮ ಆಕ್ಷೇಪವಿರುವುದು ಅದರ ಛೇದದ ಬಗ್ಗೆ.

ಇಂತಹ ಎಣಿಕೆಯ ಪ್ರಸಿದ್ಧ ಮಾದರಿ ರೋಜರ್ ಬ್ರೌನ್ ಅವರ 1973ರ ಗ್ರಂಥದಲ್ಲಿದೆ. ಇಂಗ್ಲಿಷ್ ಕಲಿಯುತ್ತಿದ್ದ ಮೂವರು ಮಕ್ಕಳ ಮಾತಿನಲ್ಲಿ 14 ವ್ಯಾಕರಣಾತ್ಮಕ ಆಕೃತಿಮಾಗಳನ್ನು ಅವರು ಪರಿಶೀಲಿಸಿದರು. ಸ್ವಾಧೀನತೆಯ ಮಾನದಂಡ, ಕಡ್ಡಾಯ ಸಂದರ್ಭಗಳಲ್ಲಿ ಶೇಕಡ 90ರಷ್ಟು ಬಳಕೆ. ಅಂದರೆ ಛೇದದಲ್ಲಿರುವುದು ಎಲ್ಲ ಉಕ್ತಿಗಳಲ್ಲ, ಕಡ್ಡಾಯ ಸಂದರ್ಭಗಳು ಮಾತ್ರ.

ಕನ್ನಡದ ದ್ವಿತೀಯೆಯಲ್ಲಿ ಈ ಭೇದವೇ ನಿರ್ಣಾಯಕ. ‘ಪುಸ್ತಕ ತಾ’, ‘ಪುಸ್ತಕವನ್ನು ತಾ’ ಎರಡೂ ಸಾಧು. ‘ಅಮ್ಮನ್ನ ಕರಿ’ ಎಂಬಲ್ಲಿ ಪ್ರತ್ಯಯವನ್ನು ಬಿಡಲಾಗದು. ಅಪ್ರಾಣಿವಾಚಕ ಕರ್ಮದಲ್ಲಿ ಪ್ರತ್ಯಯವು ಬಹುಮಟ್ಟಿಗೆ ಐಚ್ಛಿಕ, ಪ್ರಾಣಿವಾಚಕದಲ್ಲಿ ಕಡ್ಡಾಯ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಮಗುವೊಂದು ಪ್ರಾಣಿವಾಚಕ ಕರ್ಮಕ್ಕೆಲ್ಲ ಪ್ರತ್ಯಯ ಹಚ್ಚುತ್ತದೆ, ಅಪ್ರಾಣಿವಾಚಕಕ್ಕೆ ಹಚ್ಚುವುದಿಲ್ಲ. ಮೊದಲ ದಿನ ತೋರಿಸಿದ 10 ಚಿತ್ರಗಳಲ್ಲಿ 4 ಪ್ರಾಣಿವಾಚಕ: ದಾಖಲಾಗುವುದು ಶೇಕಡ 40. ಮುಂದಿನ ವಾರ 8 ಪ್ರಾಣಿವಾಚಕ: ಶೇಕಡ 80, ‘ಗುರಿ ಸಾಧಿತ’. ಮಗುವಿನ ವ್ಯಾಕರಣ ಎರಡು ದಿನವೂ ಒಂದೇ, ಎರಡು ದಿನವೂ ನಿರ್ದೋಷ. ಬದಲಾದದ್ದು ಚಿತ್ರಗಳ ಆಯ್ಕೆ. ಇನ್ನೂ ಕಳವಳದ ಸಂಗತಿಯೆಂದರೆ, ಮೊದಲ ಅಂಕಿಯನ್ನು ನಂಬಿದ ಚಿಕಿತ್ಸಕರು ‘ಪುಸ್ತಕ ತಾ’ ಎಂಬ ಸಹಜ ನುಡಿಯನ್ನೇ ದೋಷವೆಂದು ತಿದ್ದತೊಡಗಬಹುದು.

ಆದ್ದರಿಂದ ಗುರಿವಾಕ್ಯವು ಮೂರು ವಿಷಯಗಳನ್ನು ನಮೂದಿಸಬೇಕೆಂದು ನಾವು ಸೂಚಿಸುತ್ತೇವೆ: ಯಾವ ಸಂದರ್ಭಗಳನ್ನು ಎಣಿಸಲಾಯಿತು, ಮನೆಮಾತಿನ ಯಾವ ರೂಪಗಳನ್ನು ಸರಿಯೆಂದು ಪರಿಗಣಿಸಲಾಯಿತು, ಮಗು ತಾನಾಗಿ ಆಡಿತೇ, ಚಿಕಿತ್ಸಕರನ್ನು ಅನುಕರಿಸಿತೇ. ಉದಾಹರಣೆಗೆ: ‘ಪ್ರಾಣಿವಾಚಕ ಕರ್ಮವಿರುವ 10 ಉಕ್ತಿಗಳಲ್ಲಿ 8ರಲ್ಲಿ, ಸೂಚನೆಯಿಲ್ಲದೆ, -ಅನ್ನು ಅಥವಾ ಮನೆಮಾತಿನ -ನ್ನ.’ ಬರೆಯಲು ಒಂದು ಸಾಲು ಹೆಚ್ಚಾದೀತು. ಆದರೆ ಮುಂದೆ ಇದೇ ಕಡತವನ್ನು ತೆರೆಯುವ ಬೇರೊಬ್ಬ ಚಿಕಿತ್ಸಕರು ಇದೇ ಎಣಿಕೆಯನ್ನು ಪುನರಾವರ್ತಿಸಿ ಹೋಲಿಸಬಲ್ಲರು. ಈ ಛೇದಗಳನ್ನು ವಿಭಕ್ತಿಯಿಂದ ವಿಭಕ್ತಿಗೆ, ಉಪಭಾಷೆಯಿಂದ ಉಪಭಾಷೆಗೆ ಗೊತ್ತುಪಡಿಸಿಕೊಡುವುದು ಕನ್ನಡ ಭಾಷಾವಿಜ್ಞಾನದ ಹೊಣೆ. ಅದನ್ನು ಚಿಕಿತ್ಸಕರ ಮೇಲೆ ಹೊರಿಸುವುದು ನ್ಯಾಯವಲ್ಲ.